ಅಡಿಕೆ ಅಂಗಡಿ ಸಾಫ್ಟ್‌ವೇರ್‌ಗೆ 75 ಲಕ್ಷ ಹೂಡಿಕೆ, 20% ಪಾಲು ಕೇಳುತ್ತಿದ್ದಾರೆ. ಕೊಡಬಹುದಾ?

ಬದಿಯಡ್ಕದ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಚಿಕ್ಕಪ್ಪನ ಮಗ ಸೇರಿ ಅಡಿಕೆ ಅಂಗಡಿಯವರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿದ್ದೇವೆ. ಕೃಷಿಕರು ಗೋಣಿ ಇಳಿಸಿದ ಕೂಡಲೇ ತೂಕ ಎಷ್ಟು, ಹೊಸದಾ ಹಳೆಯದಾ, ಕೆಳದರ್ಜೆಯ ಪಟೋರ ಎಷ್ಟು, ಕರಿಗೋಟು ಎಷ್ಟು ಅಂತ ಮೊಬೈಲಿನಲ್ಲಿ ಹಾಕಿದರೆ ಸಾಕು, ಆ ದಿನದ ಧಾರಣೆಗೆ ಲೆಕ್ಕ ಆಗಿ ಚೀಟಿ ಬರುತ್ತದೆ. ಮುಂಗಡ ಕೊಟ್ಟಿದ್ದರೆ ಅದೂ ಕಳೆಯುತ್ತದೆ. ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಪೆರ್ಲದ ಆಚೆ ಹೋದರೆ ಅದು ಯಾಕೆ ಬೇಕು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಕುಂಬಳೆ, ಕರ್ನಾಟಕದ ವಿಟ್ಲ, ಪುತ್ತೂರಲ್ಲಿ ಸುಮಾರು 30 ಅಂಗಡಿಯವರು ವರ್ಷಕ್ಕೆ 12,000 ರೂಪಾಯಿ ಕೊಟ್ಟು ಬಳಸುತ್ತಿದ್ದಾರೆ. ಈಗ ಬೆಂಗಳೂರಿನ ಒಂದು ಫಂಡಿನವರು 75 ಲಕ್ಷ ಹಾಕುತ್ತೇವೆ, 20% ಕೊಡಿ ಅನ್ನುತ್ತಿದ್ದಾರೆ. ನಮ್ಮದು ಸದ್ಯಕ್ಕೆ ಪಾಲುದಾರಿಕೆ. ಪ್ರೈವೇಟ್ ಲಿಮಿಟೆಡ್ ಮಾಡಿ, ಅದೂ ಬೆಂಗಳೂರಲ್ಲೇ ಮಾಡಿ ಅಂತ ಷರತ್ತು. ಅಪ್ಪ "ಬಡ್ಡಿ ಇಲ್ಲದ ದುಡ್ಡು ಯಾರು ಕೊಡ್ತಾರೆ ಮಾರಾಯ, ತಗೋ" ಅನ್ನುತ್ತಾರೆ. ಚಿಕ್ಕಪ್ಪನಿಗೆ ಸಂಶಯ. ತಗೊಳ್ಳಬೇಕಾ? ಕಾಸರಗೋಡಲ್ಲೇ ರಿಜಿಸ್ಟರ್ ಮಾಡಿದರೆ ಏನಾದರೂ ನಷ್ಟ ಇದೆಯಾ?

ಲೆಕ್ಕದ ಮಾಷ್ಟ್ರು

ಬಡ್ಡಿ ಇಲ್ಲ ನಿಜ, ಆದರೆ ವಾಯಿದೆ ಇದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ.

ಫಂಡಿನವರ ಕೈಯಲ್ಲಿರುವುದು ಅವರ ದುಡ್ಡಲ್ಲ, ಬೇರೆಯವರದು. ಸಾಮಾನ್ಯವಾಗಿ 10 ವರ್ಷದೊಳಗೆ ಅದನ್ನು ಬೆಳೆಸಿ ತಿರುಗಿ ಕೊಡಬೇಕು. ಹತ್ತಾರು ಕಂಪನಿಗೆ ಹಾಕಿದರೆ ಹೆಚ್ಚಿನವು ಮುಳುಗುತ್ತವೆ, ಒಂದೋ ಎರಡೋ ಎಲ್ಲದರ ನಷ್ಟ ತುಂಬಿಸಬೇಕು. ಹಾಗಾಗಿ ಪ್ರತಿ ಕಂಪನಿಯಲ್ಲೂ ಕಡಿಮೆ ಅಂದರೂ ಹತ್ತು ಪಟ್ಟು ಆಗುವ ಸಾಧ್ಯತೆ ಹುಡುಕುತ್ತಾರೆ. ನಿಮ್ಮ ಲೆಕ್ಕ ನೋಡೋಣ. 75 ಲಕ್ಷಕ್ಕೆ 20% ಅಂದರೆ ಕಂಪನಿಯ ಬೆಲೆ 3.75 ಕೋಟಿ. ಅವರ ಪಾಲು ಹತ್ತು ಪಟ್ಟು ಆಗಬೇಕಾದರೆ ಕಂಪನಿ 37.5 ಕೋಟಿಗೆ ಹೋಗಬೇಕು. ಈಗ ನಿಮಗೆ ಬರುವುದು ವರ್ಷಕ್ಕೆ 3.6 ಲಕ್ಷ. ಸಾವಿರ ಅಂಗಡಿ ಹಿಡಿದರೂ 1.2 ಕೋಟಿ. ನಮ್ಮ ಜಿಲ್ಲೆ, ದಕ್ಷಿಣ ಕನ್ನಡ ಎರಡೂ ಸೇರಿಸಿ ಸಾವಿರ ಅಡಿಕೆ ಅಂಗಡಿಯವರು ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೊಳ್ಳುತ್ತಾರಾ? ನೀವೇ ಕೂತು ಎಣಿಸಿ.

ಇನ್ನೊಂದು, ಟರ್ಮ್ ಶೀಟಿನಲ್ಲಿ, ಅಂದರೆ ಹೂಡಿಕೆಯ ಷರತ್ತು ಬರೆದ ಕಾಗದದಲ್ಲಿ, ಲಿಕ್ವಿಡೇಶನ್ ಪ್ರಿಫರೆನ್ಸ್ ಅಂತ ಇದ್ದೇ ಇರುತ್ತದೆ. ಕಂಪನಿ ಮಾರಿದರೆ ಮೊದಲು ದುಡ್ಡು ಎತ್ತುವ ಹಕ್ಕು ಅದು. ನಾಳೆ ಯಾರೋ ಕಂಪನಿಯನ್ನು 1 ಕೋಟಿಗೆ ಕೇಳಿದರು ಅಂತಿಟ್ಟುಕೊಳ್ಳಿ. 80 ಲಕ್ಷ ನಮಗೆ ಅಂತ ನೀವು ಅಂದುಕೊಂಡಿರುತ್ತೀರಿ. ಒಂದು ಪಟ್ಟು ಪ್ರಿಫರೆನ್ಸ್ ಇದ್ದರೆ ಅವರು ಮೊದಲು 75 ಲಕ್ಷ ತೆಗೆದುಕೊಳ್ಳುತ್ತಾರೆ, ನಿಮ್ಮಿಬ್ಬರಿಗೆ ಉಳಿಯುವುದು 25 ಲಕ್ಷ. ಎರಡು ಪಟ್ಟು ಅಂತ ಬರೆದಿದ್ದರೆ ಸೊನ್ನೆ. ಪರ್ಸೆಂಟ್ ನೋಡುವ ಮೊದಲು ಆ ಸಾಲು ಓದಿ.

ಪೈವಳಿಕೆ ಟು ಬೆಂಗಳೂರು

ಮಾಷ್ಟ್ರ ಲೆಕ್ಕ ಸರಿ, ಆದರೆ ಅಡಿಕೆಗೇ ನಿಲ್ಲಿಸಿಬಿಟ್ಟರಲ್ಲ. ಅದೇ ಅಂಗಡಿಯವರು ಕಾಳುಮೆಣಸು, ಗೇರುಬೀಜ, ರಬ್ಬರ್, ಕೊಬ್ಬರಿ ಎಲ್ಲ ಕೊಳ್ಳುತ್ತಾರೆ. ಘಟ್ಟದ ಮೇಲೆ ಕಾಫಿ, ಏಲಕ್ಕಿ ಇದೆ. ಅಲ್ಲಿಗೆಲ್ಲ ಇಬ್ಬರೇ ಹೋಗುವುದಕ್ಕಾಗುವುದಿಲ್ಲ, ಜನ ಬೇಕು, ಜನಕ್ಕೆ ಸಂಬಳ ಬೇಕು. ಇನ್ಯಾರೋ ದುಡ್ಡು ಹಾಕಿ ಇದನ್ನೇ ಪುಕ್ಕಟೆ ಕೊಟ್ಟರೆ ನಿಮ್ಮ 30 ಅಂಗಡಿ ಎಷ್ಟು ದಿನ ಉಳಿದೀತು?

ಹಾಗಂತ 2021ರ ಕಾಲ ಈಗ ಇಲ್ಲ. ಆ ಒಂದೇ ವರ್ಷ ದೇಶದಲ್ಲಿ 40ಕ್ಕೂ ಹೆಚ್ಚು ಕಂಪನಿಗಳು ಯೂನಿಕಾರ್ನ್ (ನೂರು ಕೋಟಿ ಡಾಲರ್ ಬೆಲೆಯ ಕಂಪನಿ) ಆದವು, ಮರುವರ್ಷದಿಂದ ದುಡ್ಡು ಬತ್ತಿತು. 2022ರಲ್ಲಿ 22 ಬಿಲಿಯನ್ ಡಾಲರ್ ಬೆಲೆ ಕಟ್ಟಿಸಿಕೊಂಡ ಆನ್‌ಲೈನ್ ಪಾಠದ ಕಂಪನಿ ಬೈಜೂಸ್ 2024ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಆಮೇಲೆ ಹೂಡಿಕೆದಾರರು ಮೊದಲು ಕೇಳುವುದೇ ಗಿರಾಕಿ ದುಡ್ಡು ಕೊಡ್ತಾನಾ ಅಂತ. ನಿಮ್ಮ ಗಿರಾಕಿ ಕೊಡುತ್ತಿದ್ದಾನೆ. ಹಾಗಾಗಿ 20% ಅನ್ನು 12ಕ್ಕೆ ಇಳಿಸಿ ಅಂತ ಧೈರ್ಯವಾಗಿ ಕೇಳಿ.

ಈಗ ಯಾರಾದರೂ ಬಂದು ಸಾಫ್ಟ್‌ವೇರ್ ಕಂಪನಿ ಜೋಹೋ ನೋಡಿ, ತಮಿಳುನಾಡಿನ ತೆಂಕಾಶಿಯಲ್ಲಿ ಕೂತು ಹೊರಗಿನ ಬಂಡವಾಳ ಇಲ್ಲದೆ ಕಟ್ಟಿದರು ಅಂತ ಹೇಳುತ್ತಾರೆ, ಕಾದು ನೋಡಿ. ಅದು 1996ರಲ್ಲಿ ಶುರುವಾದ ಕಂಪನಿ. ತೆಂಕಾಶಿಗೆ ಹೋಗುವ ಹೊತ್ತಿಗೆ ಡಾಲರಿನಲ್ಲಿ ಕೊಡುವ ಗಿರಾಕಿಗಳಿದ್ದರು.

ತಲಪಾಡಿ ಗೇಟು

ರಿಜಿಸ್ಟ್ರೇಶನ್ ಬಗ್ಗೆ ಯಾರೂ ಹೇಳಲಿಲ್ಲ. ಅವರಿಗೆ ಪ್ರೈವೇಟ್ ಲಿಮಿಟೆಡ್ ಬೇಕು ಅನ್ನುವುದು ನ್ಯಾಯವೇ, ಪಾಲುದಾರಿಕೆಯಲ್ಲಿ ಶೇರು ಕೊಡುವುದಕ್ಕೆ ಬರುವುದಿಲ್ಲ. ಆದರೆ ಬೆಂಗಳೂರಲ್ಲೇ ಆಗಬೇಕು ಅನ್ನುವುದು ಅವರ ಅನುಕೂಲ ಅಷ್ಟೆ, ಕಾನೂನಲ್ಲ. ಸ್ಟಾರ್ಟಪ್ ಅಂತ ಸಿಗುವ ಡಿಪಿಐಐಟಿ ಮಾನ್ಯತೆ ಕೇಂದ್ರದ್ದು, ಎಲ್ಲಿದ್ದರೂ ಸಿಗುತ್ತದೆ. ಏಂಜೆಲ್ ಟ್ಯಾಕ್ಸ್ (ಶೇರು ಕೊಟ್ಟು ತಂದ ಬಂಡವಾಳದ ಮೇಲೆ ಬೀಳುತ್ತಿದ್ದ ತೆರಿಗೆ) ಅಂತ ಯಾರಾದರೂ ಹೆದರಿಸಿದರೆ, ಅದನ್ನು 2024ರ ಜುಲೈ ಬಜೆಟ್‌ನಲ್ಲೇ ತೆಗೆದರು.

ವ್ಯತ್ಯಾಸ ಇರುವುದು ರಾಜ್ಯದ ಅನುದಾನದಲ್ಲಿ. ಕಾಸರಗೋಡಲ್ಲಿ ಮಾಡಿದರೆ ಕೇರಳ ಸ್ಟಾರ್ಟಪ್ ಮಿಷನ್ನಿನ ಬಾಗಿಲು ತಟ್ಟಬಹುದು. ಕರ್ನಾಟಕದಲ್ಲಿ ಮಾಡಿದರೆ ಸರ್ಕಾರದ ಎಲಿವೇಟ್ ಸ್ಪರ್ಧೆ ಇದೆ, ಗೆದ್ದರೆ 50 ಲಕ್ಷದವರೆಗೆ, ಪಾಲು ಕೇಳುವುದಿಲ್ಲ. ಅದಕ್ಕೆ ಬೆಂಗಳೂರೇ ಆಗಬೇಕೆಂದಿಲ್ಲ, ಮಂಗಳೂರಲ್ಲಿ ಆಫೀಸು ಇಟ್ಟರೂ ಸಾಕು, ಬೆಳಗ್ಗೆ ಬಸ್ ಹತ್ತಿ ಸಂಜೆ ಮನೆಗೆ ಬರಬಹುದು. ಒಮ್ಮೆ ಮಾಡಿದ ಮೇಲೆ ರಾಜ್ಯ ಬದಲಿಸುವುದು ಮಾತ್ರ ತಲೆನೋವು, ಕೇಂದ್ರದ ಕಂಪನಿ ಇಲಾಖೆಯ ರೀಜನಲ್ ಡೈರೆಕ್ಟರ್ ಒಪ್ಪಿಗೆ ಬೇಕು. ಅವಸರ ಮಾಡಬೇಡಿ.

ಪುತ್ತೂರಿಗೆ ಮಾರಿದರೆ ಜಿಎಸ್‌ಟಿ ಮಾಡಿಸಲೇಬೇಕು ಅನ್ನುವವರೂ ಇದ್ದಾರೆ. ಸೇವೆಗೆ ವರ್ಷಕ್ಕೆ 20 ಲಕ್ಷ ವಹಿವಾಟಿನವರೆಗಿನ ರಿಯಾಯಿತಿ ಹೊರರಾಜ್ಯದ ಗಿರಾಕಿಗೂ ಅನ್ವಯಿಸುತ್ತದೆ. ಅದಕ್ಕಿಂತ ಎಪಿಎಂಸಿ (ಕೃಷಿ ಮಾರುಕಟ್ಟೆ ಸಮಿತಿ) ವಿಷಯ ನೋಡಿಕೊಳ್ಳಿ. ನಮ್ಮ ಕೇರಳದಲ್ಲಿ ಎಪಿಎಂಸಿ ಕಾಯ್ದೆಯೇ ಇಲ್ಲ, ವಿಟ್ಲದ ಅಂಗಡಿಗೆ ಸೆಸ್ ಇದೆ. ಎರಡು ಕಡೆಗೂ ಒಂದೇ ಚೀಟಿ ಕೊಟ್ಟರೆ ಪಜೀತಿ.

ಬದಿಯಡ್ಕದ ಹುಡುಗ

ಸೆಸ್ ಹಾಕಿದ್ದೇವೆ ಅಣ್ಣಾ, ಅಂಗಡಿ ಯಾವ ರಾಜ್ಯ ಅಂತ ಒತ್ತಿದರೆ ತನ್ನಷ್ಟಕ್ಕೆ ಬರುತ್ತದೆ. ಪ್ರಿಫರೆನ್ಸ್ ವಿಷಯ ಗೊತ್ತೇ ಇರಲಿಲ್ಲ ಮಾಷ್ಟ್ರೇ, ಈಗ ಶೀಟು ತೆಗೆದು ನೋಡಿದೆ, "1.5 ಪಟ್ಟು" ಅಂತಿದೆ. 1 ಕೋಟಿಗೆ ಹೋದರೆ ಎಲ್ಲ ಅವರಿಗೇ, ಅಲ್ವಾ?

ಲೆಕ್ಕದ ಮಾಷ್ಟ್ರು

ಹೌದು, 75ರ ಒಂದೂವರೆ ಪಟ್ಟು 112.5 ಲಕ್ಷ. ಒಂದಕ್ಕೆ ಇಳಿಸದಿದ್ದರೆ ಸಹಿ ಹಾಕಬೇಡಿ. ಅಷ್ಟರಲ್ಲಿ ಬೇರೆ ದಾರಿಯನ್ನೂ ಯೋಚಿಸಿ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರು ಅಡಿಕೆ ಕೊಳ್ಳುವ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಕಟ್ಟಿದ್ದು ಎರಡೂ ರಾಜ್ಯದ ಬೆಳೆಗಾರರನ್ನೇ ಸದಸ್ಯರನ್ನಾಗಿ ಮಾಡಿ. ಬಳಸುವವರೇ ಬಂಡವಾಳ ಹಾಕುವ ಪಾಠ ನಮ್ಮೂರಿಗೆ ಹೊಸದಲ್ಲ. (ಅಂಗಡಿಯವರ ಎದುರು ಮಾತ್ರ ಆ ಉದಾಹರಣೆ ಕೊಡಬೇಡಿ, ಅವರಿಗೆ ಅದು ಪೈಪೋಟಿ.) ಮೂರು ವರ್ಷದ್ದು ಒಟ್ಟಿಗೆ ಕೊಟ್ಟರೆ 30,000 ಅಂತ ಕೇಳಿ ನೋಡಿ. 30 ಅಂಗಡಿಯೂ ಒಪ್ಪಿದರೆ 9 ಲಕ್ಷ. ಪಾಲು ಕೊಡಬೇಕಾಗಿಲ್ಲ.

ಕುಂಬಳೆ ಸುಪಾರಿ

ನಾನು ಅಂಗಡಿಯವನೇ. ಕ್ಯಾಂಪ್ಕೋ ಮಾತು ಓದಿದೆ ಮಾಷ್ಟ್ರೇ, ಪರವಾಗಿಲ್ಲ. 30,000 ಜಾಸ್ತಿ ಆಯಿತು. 25 ಮಾಡಿ, ಚೀಟಿ ಮಲಯಾಳದಲ್ಲೂ ಬರುವ ಹಾಗೆ ಮಾಡಿ, ಈ ವಾರವೇ ಬಂದು ಹಾಕಿಕೊಡಿ. ಇಲ್ಲಿ ಅರ್ಧ ಜನ ಕನ್ನಡ ಓದುವವರಲ್ಲ.