ವಿಷಯ: 'ಪ್ರೊಪಗಾಂಡಾ'ಕ್ಕೆ ಕನ್ನಡದಲ್ಲಿ ಏನು? (ಇವತ್ತು ಸಂಜೆಯೊಳಗೆ ಬೇಕು)

ಗೆಳೆಯರೇ,

ಕಾಲೇಜಿನ ಇತಿಹಾಸ ಪ್ರದರ್ಶನಕ್ಕೆ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದರಲ್ಲಿ ಸಿಕ್ಕಿಕೊಂಡಿದ್ದೇನೆ. ಅದು ಸೋವಿಯತ್ ಸೇನೆಯ 'ಪ್ಯಾನ್‌ಫಿಲೋವ್‌ನ 28 ವೀರರ' ಬಗ್ಗೆ (ಪ್ಯಾನ್‌ಫಿಲೋವ್ ಅವರ ಡಿವಿಷನ್ನಿನ ಜನರಲ್). 1941ರ ನವೆಂಬರ್ 16ರಂದು ಮಾಸ್ಕೋ ಹತ್ತಿರದ ಡುಬೊಸೆಕೊವೊದಲ್ಲಿ 28 ಸೈನಿಕರು 18 ಜರ್ಮನ್ ಟ್ಯಾಂಕ್ ಪುಡಿ ಮಾಡಿ, ಒಬ್ಬರೂ ಉಳಿಯದೆ ಸತ್ತರು ಎಂದು ಸೇನೆಯ ಪತ್ರಿಕೆ ಬರೆಯಿತು. 1942ರಲ್ಲಿ 28 ಮಂದಿಗೂ ಮರಣೋತ್ತರ ಬಿರುದು ಬಂತು. 1947ರಲ್ಲಿ ನೋಡಿದರೆ ಅವರಲ್ಲೊಬ್ಬ, ದೊಬ್ರೊಬಾಬಿನ್, ಬದುಕಿದ್ದಾನೆ! ಅದೂ ಜರ್ಮನ್ನರ ಕೈಕೆಳಗೆ ಪೊಲೀಸನಾಗಿ ದುಡಿದವನು. 1948ರ ಗುಪ್ತ ತನಿಖೆಯಲ್ಲಿ ಈ ಕತೆ ಪತ್ರಕರ್ತರು ಹೆಣೆದದ್ದು ಎಂದು ಹೊರಬಿತ್ತು.

ತಲೆಬರಹ: 'ದೇಶಭಕ್ತಿಯ ____ ಇತಿಹಾಸವನ್ನು ಹೇಗೆ ತಿರುಚುತ್ತದೆ'. ಬಿಟ್ಟ ಸ್ಥಳ ತುಂಬಿಕೊಡಿ. 'ಅಪಪ್ರಚಾರ' ಆಗದು. ಅದು ಇನ್ನೊಬ್ಬರ ಹೆಸರು ಕೆಡಿಸುವುದು.

— ಅನುವಾದಕಿ

* * *

'ಪ್ರಚಾರ'. ಮುಗಿಯಿತು.

— ಧಾರವಾಡದಿಂದ

* * *

ಮುಗಿಯಲಿಲ್ಲ ಸಾರ್. ದಕ್ಷಿಣ ಭಾರತ ಹಿಂದಿ ಪ್ರಚಾರ ಸಭಾ ಇದೆ, ಚುನಾವಣಾ ಪ್ರಚಾರ ಇದೆ, ಲಸಿಕೆಯ ಪ್ರಚಾರವೂ ಇದೆ. ಆ ಪದಕ್ಕೆ ವಿಷವಿಲ್ಲ. 'ಪ್ರೊಪಗಾಂಡಾ' ಅಂತಲೇ ಬರೆಯಿರಿ ಮೇಡಂ. ಪೇಪರ್ ಓದುವವರಿಗೆಲ್ಲ ಗೊತ್ತು.

— ಮೈಸೂರಿನಿಂದ

* * *

ಮೂಲ ನೋಡದೆ ಮಾತಾಡಿದರೆ ಹೀಗೇ ಆಗುವುದು. 1622ರಲ್ಲಿ ಪೋಪ್ 15ನೇ ಗ್ರೆಗೊರಿ ಧರ್ಮ ಹರಡಲು ಮಾಡಿದ ಮಂಡಳಿಯ ಹೆಸರಿನಿಂದ ಈ ಪದ ಬಂತು. ಅದರ ಹಿಂದಿರುವ ಲ್ಯಾಟಿನ್ ಕ್ರಿಯಾಪದ ತೋಟದವರದು. ಬಳ್ಳಿಯ ಕುಡಿ ನೆಟ್ಟು ಹಬ್ಬಿಸುವುದು. ನಮ್ಮಲ್ಲಿ 'ಹಬ್ಬು' ಇರುವಾಗ ಸಂಸ್ಕೃತ, ಲ್ಯಾಟಿನ್ ಎರಡೂ ಯಾಕೆ? 'ಹಬ್ಬಿಸುನುಡಿ' ಅನ್ನಿ.

— ಪುತ್ತೂರಿನಿಂದ

* * *

'ಹಬ್ಬಿಸುನುಡಿ' ಕೇಳಿದರೆ ಯಾವುದೋ ಹಬ್ಬದ ವಿಶೇಷಾಂಕ ಅಂದುಕೊಳ್ಳುತ್ತಾರೆ. ನಮ್ಮ ಬಾಯಲ್ಲೇ ಇರುವ 'ಬಹುಪರಾಕ್' ಇದೆಯಲ್ಲ? 'ಬಹುಪರಾಕ್ ಇತಿಹಾಸ'. ಅರ್ಥವೂ ಇದೆ, ಕುಟುಕೂ ಇದೆ.

— ಶಿವಮೊಗ್ಗದಿಂದ

* * *

ಕುಟುಕು ಚೆನ್ನಾಗಿದೆ, ಆದರೆ ಇಲ್ಲಿ ಕೂರುವುದಿಲ್ಲ. ಪರಾಕು ಅಂದರೆ ಇದ್ದದ್ದನ್ನು ಜಾಸ್ತಿ ಮಾಡಿ ಹೊಗಳುವುದು ಅಲ್ವಾ? ಇಲ್ಲಿ ಆದದ್ದು ಉಲ್ಟಾ. ಅಲ್ಲಿ ಕಾದಾಡಿದ ಸೇನಾ ತುಕಡಿಯಲ್ಲಿ (ಕಂಪನಿ) 120ರಿಂದ 140 ಜನ ಇದ್ದರು, 100ಕ್ಕೂ ಹೆಚ್ಚು ಮಂದಿ ಸತ್ತರು ಎಂದು ರೆಜಿಮೆಂಟಿನ ಕಮಾಂಡರ್ ಕಪ್ರೋವ್ ತನಿಖೆಯಲ್ಲಿ ಹೇಳಿದ್ದಾರೆ. ಹಾಗಾದರೆ 28 ಎಲ್ಲಿಂದ ಬಂತು? ವರದಿಗಾರ ಕೊರೊತೆಯೆವ್ ಸಂಪಾದಕರಿಗೆ 'ಸುಮಾರು 30-40 ಜನ, ಇಬ್ಬರು ದ್ರೋಹಿಗಳು' ಎಂದರಂತೆ. 30ರಲ್ಲಿ 2 ಕಳೆದರು, ಅಷ್ಟೇ. 'ಹಿಂದೆ ಮಾಸ್ಕೋ ಇದೆ, ಹಿಮ್ಮೆಟ್ಟಲು ಜಾಗವಿಲ್ಲ' ಎಂಬ ಮಾತನ್ನು ಅಧಿಕಾರಿ ಕ್ಲೋಚ್ಕೋವ್ ಬಾಯಲ್ಲಿ ಇಟ್ಟವರು ಪತ್ರಕರ್ತ ಕ್ರಿವಿತ್ಸ್ಕಿ. ಅದನ್ನು ಅವರೇ ಒಪ್ಪಿಕೊಂಡರು. ನಿಜವಾಗಿ ಸತ್ತ ನೂರಕ್ಕೂ ಹೆಚ್ಚು ಜನ ಪತ್ರಿಕೆಗೆ ಬೇಕಾಗಲಿಲ್ಲ. 28 ಬೇಕಾಯಿತು.

— ಅನುವಾದಕಿ

* * *

ಹಾಗಾದರೆ 'ಕಟ್ಟುಕತೆ' ಅನ್ನಿ. ಸುಮ್ನೆ ಯಾಕೆ ಒದ್ದಾಟ?

— ಧಾರವಾಡದಿಂದ

* * *

ಕಾಳಗ ನಡೆದದ್ದು ನಿಜ, ಸಾವುಗಳೂ ನಿಜ. 'ಕಟ್ಟುಕತೆ' ಎಂದರೆ ಸತ್ತವರೂ ಸುಳ್ಳಾಗುತ್ತಾರೆ. ಅಲ್ಲಿನವರು ಸಿಟ್ಟಾಗುವುದೂ ಇದಕ್ಕೇ. 2015ರಲ್ಲಿ ರಷ್ಯಾದ ಸರ್ಕಾರಿ ದಾಖಲೆ ಭಂಡಾರ ಆ ತನಿಖಾ ವರದಿಯನ್ನು ಅಂತರ್ಜಾಲದಲ್ಲಿ ಹಾಕಿತು. ಸಂಸ್ಕೃತಿ ಸಚಿವ ಮೆದಿನ್ಸ್ಕಿ ಕೆರಳಿದರು. ಕತೆ ಪೂರ್ತಿ ಹೆಣೆದದ್ದೇ ಆಗಿದ್ದರೂ ಅದು ಪವಿತ್ರ, ಮುಟ್ಟಬಾರದು ಎಂಬುದು ಅವರ ವಾದ. ಭಂಡಾರದ ನಿರ್ದೇಶಕ ಮಿರೊನೆಂಕೊ ಮರುವರ್ಷ ಆ ಹುದ್ದೆಯಲ್ಲಿರಲಿಲ್ಲ.

— ಮೈಸೂರಿನಿಂದ

* * *

ನೋಡಿ, 'ಪವಿತ್ರ' ಕೂಡ ಸಂಸ್ಕೃತವೇ. ಎಲ್ಲವನ್ನೂ ಸಾಲ ತರುವುದು, ಆಮೇಲೆ ಕನ್ನಡದಲ್ಲಿ ಪದವಿಲ್ಲ ಅಂತ ಅಳುವುದು.

— ಪುತ್ತೂರಿನಿಂದ

* * *

'ಸಾಲ' ನಿಮ್ಮದೇ ಇರಲಿ ಸಾರ್. ಸೋಪು, ಬಸ್ಸು, ಟೇಬಲ್ಲು, ಕಾಗದ ಇವನ್ನೂ ವಾಪಸ್ ಕೊಡೋಣವೇ? 'ವಾಪಸ್' ಕೂಡ ಕೊಟ್ಟುಬಿಡಬೇಕಲ್ಲ.

— ಶಿವಮೊಗ್ಗದಿಂದ

* * *

ಸಂಜೆಯಾಯಿತು, ಪ್ರೆಸ್‌ನವರು ಎರಡು ಸಲ ಫೋನ್ ಮಾಡಿದರು. 'ದೇಶಭಕ್ತಿಯ ಸರ್ಕಾರಿ ಪ್ರಚಾರ ಇತಿಹಾಸವನ್ನು ಹೇಗೆ ತಿರುಚುತ್ತದೆ' ಎಂದು ಕಳಿಸಿದ್ದೇನೆ. 'ಸರ್ಕಾರಿ' ಸೇರಿಸಿದ್ದರಿಂದ ಲಸಿಕೆಯ ಪ್ರಚಾರದ ನೆನಪು ಬರಬಹುದು, ಗೊತ್ತು. ಆದರೆ 'ತಿರುಚು' ಪಕ್ಕದಲ್ಲೇ ಇದೆಯಲ್ಲ. 'ಬಹುಪರಾಕ್' ಅನ್ನು ಇನ್ನೊಂದು ಫಲಕಕ್ಕೆ ಎತ್ತಿಟ್ಟುಕೊಂಡಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್.

— ಅನುವಾದಕಿ

* * *

ಅಚ್ಚಾಗುವ ಮುಂಚೆ ಒಂದು ಮಾತು. 'ಡುಬೊಸೆಕೊವೊ' ತಪ್ಪು. ರಷ್ಯನ್ನಲ್ಲಿ ಅದು ನಮ್ಮ 'ದ' ತರಹ, 'ದುಬೊಸೆಕೊವೊ'. ಅದೇ ಇಮೇಲಿನಲ್ಲಿ 'ದೊಬ್ರೊಬಾಬಿನ್' ಸರಿಯಾಗಿ ಬರೆದಿದ್ದೀರಿ, ಊರಿಗೆ ಮಾತ್ರ ಇಂಗ್ಲಿಷ್ ನಾಲಿಗೆ ಯಾಕೆ?

— ಪುತ್ತೂರಿನಿಂದ