ಬಿ.ಎಡ್. ಓದಲು ಸಾಲ ಮಾಡುವುದು ಲೆಕ್ಕಕ್ಕೆ ಕೂಡುತ್ತದೆಯೇ?

ಪ್ರಶ್ನೆ (ಜಮಖಂಡಿ): ಗಣಿತದೊಂದಿಗೆ ಬಿ.ಎಸ್ಸಿ. ಮುಗಿಸಿರುವ ನಾನು ವಿಜಯಪುರದ ಖಾಸಗಿ ಕಾಲೇಜೊಂದರಲ್ಲಿ ಬಿ.ಎಡ್. ಸೇರಬೇಕೆಂದಿದ್ದೇನೆ. ಎರಡು ವರ್ಷಗಳ ಶುಲ್ಕ, ವಸತಿ, ಊಟಕ್ಕೆ 1.5 ಲಕ್ಷ ರೂಪಾಯಿ ಸಾಲ ಬೇಕು. ಕಬ್ಬಿನ ಬಿಲ್ಲು ಬಂದಾಗ ತೀರಿಸೋಣ ಎನ್ನುತ್ತಾರೆ ಅಪ್ಪ. ನನಗೆ ಧೈರ್ಯ ಸಾಲದು.

ಉತ್ತರ (ವಿಜಯಪುರ, ನಿವೃತ್ತ ಬ್ಯಾಂಕ್ ನೌಕರ): ತಮ್ಮಾ, ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷವಾಗುವವರೆಗೆ ಕಂತು ಕಟ್ಟಬೇಕಿಲ್ಲವಾದರೂ, ಬಡ್ಡಿ ಮಾತ್ರ ಹಣ ಪಡೆದ ದಿನದಿಂದಲೇ ಏರುತ್ತಿರುತ್ತದೆ. ಪೂರ್ತಿ ಹಣವನ್ನು ಆರಂಭದಲ್ಲೇ ಪಡೆದು, ಶೇ. 10ರ ಸರಳ ಬಡ್ಡಿ ಎಂದು ಹಿಡಿದರೆ, 3 ವರ್ಷಕ್ಕೆ 45,000 ಸೇರಿ ಬಾಕಿ 1.95 ಲಕ್ಷವಾಗುತ್ತದೆ, ಅದನ್ನು 5 ವರ್ಷಗಳಲ್ಲಿ ತೀರಿಸಲು ತಿಂಗಳಿಗೆ 4,100 ರೂಪಾಯಿಗೂ ಹೆಚ್ಚು ಬೇಕು. ಬಡ್ಡಿಯನ್ನಷ್ಟೇ ಆಗಾಗ ಕಟ್ಟುತ್ತ ಹೋದರೆ ಕಂತು 3,200ರ ಒಳಗೇ ನಿಲ್ಲುತ್ತದೆ. ಕಬ್ಬಿನ ಬಿಲ್ಲನ್ನು ಅದಕ್ಕೆ ಬಳಸಿ.

ಉತ್ತರ (ಇಂಡಿ, ಅತಿಥಿ ಶಿಕ್ಷಕಿ): ಸರಕಾರಿ ಸಂಬಳವನ್ನು ನಂಬಿ ಲೆಕ್ಕ ಹಾಕಬೇಡಿ. 2022ರಲ್ಲಿ 15,000 ಪದವೀಧರ ಶಿಕ್ಷಕರ ನೇಮಕಾತಿ ನಡೆಯಿತಾದರೂ ಅದು ವರ್ಷವರ್ಷ ಬರುವ ಜಾತ್ರೆಯಲ್ಲ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಸಂವಿಧಾನದ 371ಜೆ ವಿಧಿಯಡಿ ಸಿಗುವ ಮೀಸಲಾತಿಯೂ ನಮ್ಮ ಬಾಗಲಕೋಟೆ, ವಿಜಯಪುರ ಎರಡೂ ಜಿಲ್ಲೆಗಳಿಗಿಲ್ಲ. ಬಿ.ಎಡ್. ಮಾಡಿದವರು 1ರಿಂದ 5ನೇ ತರಗತಿಗೆ ಅರ್ಹರಲ್ಲವೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ನನಗೆ ಬರುವುದು ತಿಂಗಳಿಗೆ 12,000, ಅದೂ ಶಾಲೆ ನಡೆಯುವ ತಿಂಗಳುಗಳಲ್ಲಿ ಮಾತ್ರ. ಆದರೂ ಗಣಿತದವರಿಗೆ ಮನೆಪಾಠ ಸಿಗುತ್ತದೆ, ಸಮಾಜ ವಿಜ್ಞಾನದ ನನಗೆ ಆ ಭಾಗ್ಯವಿಲ್ಲ!

ಪ್ರಶ್ನಿಸಿದವರು: ಹಾಗಾದರೆ ಮೊದಲು ಸರಕಾರಿ ಕೋಟಾದ ಸೀಟಿಗೆ ಅರ್ಜಿ ಹಾಕಿ, ಅದು ಸಿಗದಿದ್ದರೆ ಮಾತ್ರ ಸಾಲದ ಮಾತೆತ್ತುತ್ತೇನೆ.