ದಂತಕಥೆಯಾದ ತಂಡಗಳ ಸಾಕ್ಷ್ಯಚಿತ್ರಗಳು: ಕಥೆ ತಂಡದ್ದೋ, ಅನುಮತಿ ಕೊಟ್ಟವರದ್ದೋ?

ಹನ್ನೆರಡನೆಯವನು ಕೇಳಿದ್ದು:

2020ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ಜಗತ್ತಿನ ಮೈದಾನಗಳೆಲ್ಲ ಬೀಗ ಹಾಕಿಕೊಂಡಿದ್ದಾಗ, ‘ದ ಲಾಸ್ಟ್ ಡ್ಯಾನ್ಸ್’ ಎಂಬ ಸಾಕ್ಷ್ಯಚಿತ್ರ ಸರಣಿ ವಾರಕ್ಕೆ ಎರಡು ಕಂತಿನಂತೆ ಹೊರಬಂದಿತ್ತು. ಷಿಕಾಗೊ ಬುಲ್ಸ್ ಬ್ಯಾಸ್ಕೆಟ್‌ಬಾಲ್ ತಂಡದ 1997–98ರ ಋತುವನ್ನು ಕುರಿತ ಆ ಹತ್ತು ಕಂತುಗಳನ್ನು ಆಗ ಎವೆಯಿಕ್ಕದೆ ನೋಡಿದ್ದೆ. ಈಚೆಗೆ ಮತ್ತೊಮ್ಮೆ ನೋಡಿದಾಗ, ಮೊದಲ ಸಲ ಗಮನಕ್ಕೆ ಬಾರದ ಒಂದು ಸಂಗತಿ ಕಣ್ಣಿಗೆ ಬಿತ್ತು.

ಮೈಕೆಲ್ ಜೋರ್ಡನ್ ಮೊದಲ ಸಲ ನಿವೃತ್ತರಾದ ಮೇಲೆ, 1993–94ರಲ್ಲಿ, ಅವರಿಲ್ಲದ ಬುಲ್ಸ್ ತಂಡ 55 ಪಂದ್ಯಗಳನ್ನು ಗೆದ್ದಿತು. ಅವರಿದ್ದ ಹಿಂದಿನ ಋತುವಿನಲ್ಲಿ ಗೆದ್ದದ್ದು 57. ತಂಡವೆಂದರೆ ಏನೆಂದು ವಿವರಿಸಲು ಹೊರಟವನಿಗೆ ಇದಕ್ಕಿಂತ ಒಳ್ಳೆಯ ಅಂಕಿ ಸಿಗಲಾರದು. ಆದರೆ ಆ ಋತುವಿನಿಂದ ಸರಣಿಯು ನಮ್ಮ ನೆನಪಿನಲ್ಲಿ ಉಳಿಸುವುದು ಬಹುಮಟ್ಟಿಗೆ ಒಂದೇ ಘಟನೆಯನ್ನು: ನ್ಯೂಯಾರ್ಕ್ ನಿಕ್ಸ್ ವಿರುದ್ಧದ ಪಂದ್ಯದಲ್ಲಿ 1.8 ಸೆಕೆಂಡು ಉಳಿದಿದ್ದಾಗ, ಕೊನೆಯ ಎಸೆತ ಟೋನಿ ಕುಕೊಚ್ ಪಾಲಾಯಿತೆಂದು ಮುನಿದ ಸ್ಕಾಟಿ ಪಿಪ್ಪೆನ್ ಅಂಕಣಕ್ಕಿಳಿಯದೆ ಬೆಂಚಿನ ಮೇಲೆಯೇ ಕುಳಿತದ್ದು. ಇಡೀ ವರ್ಷ ತಂಡವನ್ನು ಹೊತ್ತವನು ಆ 1.8 ಸೆಕೆಂಡಿನ ಮನುಷ್ಯನಾಗಿ ಉಳಿದುಬಿಡುತ್ತಾನೆ. ಪಿಪ್ಪೆನ್ ಇದರಿಂದ ನೊಂದು, 2021ರ ತಮ್ಮ ಆತ್ಮಕಥೆಯಲ್ಲಿ ಸರಣಿಯ ವಿರುದ್ಧ ಖಾರವಾಗಿಯೇ ಬರೆದರು. ಜೋರ್ಡನ್ ಅವರ ಆಪ್ತ ವ್ಯವಹಾರಸ್ಥರೇ ನಿರ್ಮಾಪಕರ ಪಟ್ಟಿಯಲ್ಲಿದ್ದರು ಎಂಬುದೂ ಗುಟ್ಟಿನ ವಿಷಯವೇನಲ್ಲ.

ಹಾಗಾಗಿ ನನ್ನ ಪ್ರಶ್ನೆ ಇದು. ಮಹಾನ್ ತಂಡವೊಂದರ ಬಗ್ಗೆ ಬಂದ ಯಾವ ಸಾಕ್ಷ್ಯಚಿತ್ರದಲ್ಲಿ ನಿಮಗೆ ನಿಜಕ್ಕೂ ತಂಡ ಕಾಣಿಸಿದೆ? ಒಬ್ಬ ನಾಯಕ ಮತ್ತು ಅವನ ಪರಿವಾರ ಅಲ್ಲ, ತಂಡ. ಕಥೆಯ ಒಡೆತನ ಆಟಗಾರರ ಕೈಯಲ್ಲಿಯೇ ಇದ್ದಾಗ ಅದನ್ನು ಸಾಕ್ಷ್ಯಚಿತ್ರವೆಂದು ಕರೆಯಬಹುದೇ, ಅಥವಾ ಅದು ಚೆನ್ನಾಗಿ ಸಂಕಲನಗೊಂಡ ಅಭಿನಂದನ ಗ್ರಂಥ ಮಾತ್ರವೇ?

ರಿಬೌಂಡ್ ಉತ್ತರಿಸಿದ್ದು:

ನಿಮ್ಮ ಆಕ್ಷೇಪ ನ್ಯಾಯವಾದದ್ದೇ. ಆದರೂ ಅನುಮತಿಯ ವಿಷಯವನ್ನು ನೀವು ಸ್ವಲ್ಪ ಹಗುರವಾಗಿ ತೆಗೆದುಕೊಂಡಿದ್ದೀರಿ ಎನಿಸುತ್ತದೆ. ಆ ಋತುವಿನುದ್ದಕ್ಕೂ ಲೀಗಿನ ಚಿತ್ರೀಕರಣ ತಂಡವು ಲಾಕರ್ ರೂಮಿನ ಒಳಗೇ ಓಡಾಡಿಕೊಂಡಿತ್ತು, ಮತ್ತು ಅದಕ್ಕೆ ಒಪ್ಪಿಗೆ ಸಿಕ್ಕಿದ್ದು, ಜೋರ್ಡನ್ ಹೂಂ ಎನ್ನುವವರೆಗೆ ಆ ತುಣುಕುಗಳನ್ನು ಬಳಸುವುದಿಲ್ಲ ಎಂಬ ಷರತ್ತಿನ ಮೇಲೆ. ಐನೂರಕ್ಕೂ ಹೆಚ್ಚು ಗಂಟೆಗಳ ಚಿತ್ರೀಕರಣ ಸುಮಾರು ಇಪ್ಪತ್ತು ವರ್ಷ ಕಪಾಟಿನಲ್ಲಿ ಕುಳಿತದ್ದು ಇದೇ ಕಾರಣಕ್ಕೆ. ಒಡೆತನದ ಬಗ್ಗೆ ತಕರಾರು ಮಾಡಿದ್ದರೆ ನಮಗೆ ಒಂದು ಕಂತೂ ದಕ್ಕುತ್ತಿರಲಿಲ್ಲ.

ಎರಡನೆಯದಾಗಿ, ಕ್ಯಾಮೆರಾದ ಮುಂದೆ ತನ್ನನ್ನು ತಾನು ಹೊಗಳಿಕೊಳ್ಳಲು ಕುಳಿತವನು ತನಗರಿವಿಲ್ಲದೆಯೇ ತನ್ನ ವಿರುದ್ಧ ಸಾಕ್ಷಿ ನುಡಿಯುವುದುಂಟು. ಲಬ್ರಾಡ್‌ಫರ್ಡ್ ಸ್ಮಿತ್ ಪ್ರಸಂಗವನ್ನು ನೆನಪಿಸಿಕೊಳ್ಳಿ. 1993ರಲ್ಲಿ ಎದುರಾಳಿ ತಂಡದ ಆ ಹುಡುಗ ಒಂದು ರಾತ್ರಿ 37 ಅಂಕ ಗಳಿಸಿದ. ಹೊರಡುವಾಗ ಅವನು ತನ್ನನ್ನು ಅಣಕಿಸಿದ ಎಂದು ಹೇಳಿಕೊಂಡ ಜೋರ್ಡನ್, ಮರುದಿನ ಮೊದಲಾರ್ಧದಲ್ಲಿಯೇ 36 ಅಂಕ ಬಾರಿಸಿ, ಒಟ್ಟು 47ಕ್ಕೆ ಮುಗಿಸಿದರು. ಅಣಕದ ಮಾತೇ ಕಟ್ಟುಕಥೆಯೆಂಬುದು ಸರಣಿಯಲ್ಲಿಯೇ ಬಯಲಾಗುತ್ತದೆ. ಗೆಲ್ಲುವುದಕ್ಕಾಗಿ ಹಗೆಯನ್ನೂ ತಾನೇ ಬೇಯಿಸಿಕೊಂಡು ತಿನ್ನುವ ಮನುಷ್ಯನ ಚಿತ್ರವದು. ಅಭಿನಂದನ ಗ್ರಂಥಗಳಲ್ಲಿ ಇಂಥ ಪುಟ ಇರುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಿಮಗಿಂತಲೂ ನನಗೆ ಸಿಟ್ಟು ಹೆಚ್ಚು, ಅದು ಬುಲ್ಸ್ ತಂಡದ ಜನರಲ್ ಮ್ಯಾನೇಜರ್ ಆಗಿದ್ದ ಜೆರ್ರಿ ಕ್ರೌಸ್ ಅವರ ವಿಷಯ. ಪಿಪ್ಪೆನ್‌ರನ್ನು ತಂದವರು, ಫಿಲ್ ಜಾಕ್ಸನ್‌ಗೆ ಮುಖ್ಯ ತರಬೇತುದಾರನ ಸ್ಥಾನ ಕೊಟ್ಟವರು ಅವರೇ. ಸರಣಿಯಲ್ಲಿ ಅವರು ಆರಂಭದಿಂದ ಕೊನೆಯವರೆಗೆ ಖಳನಾಯಕ. 2017ರಲ್ಲಿಯೇ ತೀರಿಕೊಂಡಿದ್ದರಿಂದ ಉತ್ತರ ಕೊಡಲು ಅವರಿಗೊಂದು ಕುರ್ಚಿಯೂ ಇರಲಿಲ್ಲ. ಬದುಕಿದ್ದ ಲೂಕ್ ಲಾಂಗ್ಲಿಯನ್ನು, ಅದೂ ಆ ತಂಡದ ಮೊದಲ ಐವರಲ್ಲಿ ಒಬ್ಬರನ್ನು, ಮಾತನಾಡಿಸದೆ ಬಿಟ್ಟದ್ದಕ್ಕೆ ಯಾವ ಸಮಜಾಯಿಷಿಯೂ ನನಗೆ ಹೊಳೆಯುವುದಿಲ್ಲ.

ನೀಲಿಗೆರೆ ಉತ್ತರಿಸಿದ್ದು:

ತಂಡ ಕಾಣಬೇಕಾದರೆ ಸೋತವರ ಕಡೆಯಿಂದ ನೋಡಬೇಕು ಎಂಬುದು ನನ್ನ ಅನುಭವ. 1980ರ ಫೆಬ್ರವರಿ 22ರಂದು ಲೇಕ್ ಪ್ಲಾಸಿಡ್‌ನ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಕಾಲೇಜು ಹುಡುಗರು ಸೋವಿಯತ್ ಐಸ್ ಹಾಕಿ ತಂಡವನ್ನು 4–3ರಿಂದ ಸೋಲಿಸಿದ ಕಥೆಯನ್ನು ಗೆದ್ದವರ ಬಾಯಿಂದ ಎಷ್ಟೋ ಸಲ ಕೇಳಿದ್ದೇವೆ. ಆ ಕಥೆಗಳಲ್ಲಿ ಸೋವಿಯತ್ ಆಟಗಾರರು ಮಾತಿಲ್ಲದ, ನಗುವಿಲ್ಲದ ಕೆಂಪು ಅಂಗಿಗಳು ಅಷ್ಟೇ. 2015ರ ‘ಆಫ್ ಮಿರಾಕಲ್ಸ್ ಅಂಡ್ ಮೆನ್’ ಅದೇ ಪಂದ್ಯವನ್ನು ಆ ಕೆಂಪು ಅಂಗಿಯೊಳಗಿನಿಂದ ತೋರಿಸುತ್ತದೆ. ಅದಕ್ಕೆ ಎರಡು ವಾರ ಮೊದಲು ಇದೇ ಅಮೆರಿಕ ತಂಡವನ್ನು 10–3ರಿಂದ ಬಡಿದಿದ್ದವರು, 1964ರಿಂದ ಸತತ ನಾಲ್ಕು ಒಲಿಂಪಿಕ್ ಚಿನ್ನ ಗೆದ್ದಿದ್ದ ಪರಂಪರೆಯವರು, ಮೊದಲ ಅವಧಿ ಮುಗಿದ ಕೂಡಲೆ ತಮ್ಮ ಗೋಲ್‌ಕೀಪರ್ ವ್ಲಾಡಿಸ್ಲಾವ್ ಟ್ರೆಟ್ಯಾಕ್‌ರನ್ನು ತರಬೇತುದಾರ ವಿಕ್ಟರ್ ಟಿಖೊನೊವ್ ಹೊರಗೆ ಕೂರಿಸಿದ್ದನ್ನು ನೆನೆಯುವಾಗ ಅವರ ಮುಖದಲ್ಲಿ ಹಾಯುವ ನೆರಳು ಯಾವ ವಿಜಯೋತ್ಸವಕ್ಕಿಂತಲೂ ಹೆಚ್ಚು ಮಾತನಾಡುತ್ತದೆ.

ಆ ಚಿತ್ರಕ್ಕಿಂತ ಒಂದು ವರ್ಷ ಮೊದಲು ಬಂದ ‘ರೆಡ್ ಆರ್ಮಿ’ ಇನ್ನೂ ಮುಂದೆ ಹೋಗುತ್ತದೆ. ಫೆಟಿಸೊವ್, ಕಸಟೊನೊವ್, ಮಕಾರೊವ್, ಲರಿಯೊನೊವ್, ಕ್ರುಟೊವ್ ಎಂಬ ಐವರು ಸೋವಿಯತ್ ಆಟಗಾರರ ಪಡೆ ಮಂಜಿನ ಮೇಲೆ ಚೆಂಡಾಟವನ್ನಲ್ಲ, ನೇಯ್ಗೆಯನ್ನು ಆಡುತ್ತದೆ. ಪಕ್ (ಐಸ್ ಹಾಕಿಯ ಚಪ್ಪಟೆ ಬಿಲ್ಲೆ) ಯಾರ ಕೋಲಿನಲ್ಲಿಯೂ ನಿಲ್ಲುವುದಿಲ್ಲ, ಯಾರ ಹೆಸರನ್ನೂ ಹೇಳುವುದಿಲ್ಲ. ವರ್ಷದ ಬಹುಭಾಗ ಮನೆ ಮಕ್ಕಳಿಂದ ದೂರ, ತರಬೇತಿ ಶಿಬಿರದಲ್ಲಿ ಸೈನಿಕರಂತೆ ಕೂಡಿಹಾಕಿದ್ದರ ಫಲವೂ ಅದೇ, ಬೆಲೆಯೂ ಅದೇ. ಚಿತ್ರದ ಆರಂಭದಲ್ಲಿ ಫೆಟಿಸೊವ್ ನಿರ್ದೇಶಕನ ಪ್ರಶ್ನೆಗೆ ಕಿವಿಗೊಡದೆ ಫೋನು ನೋಡುತ್ತ ಕುಳಿತು, ಕೊನೆಗೆ ನಡುಬೆರಳು ತೋರಿಸುತ್ತಾರೆ. ಅದನ್ನು ಕತ್ತರಿಸದೆ ಇಟ್ಟ ನಿರ್ದೇಶಕನ ಮೇಲೆ ನನಗೆ ಅಲ್ಲಿಯೇ ನಂಬಿಕೆ ಬಂತು.

ಮೂರನೇ ಸ್ಲಿಪ್ ಉತ್ತರಿಸಿದ್ದು:

ಕ್ರಿಕೆಟ್ಟಿನ ಕಡೆಯಿಂದ ಹೇಳುವುದಾದರೆ 2010ರ ‘ಫೈರ್ ಇನ್ ಬ್ಯಾಬಿಲಾನ್’ ಅನ್ನು ಬಿಟ್ಟು ಮಾತು ಮುಂದುವರಿಸಲಾಗದು. ಕ್ಲೈವ್ ಲಾಯ್ಡ್ ನಾಯಕತ್ವದ ವೆಸ್ಟ್ ಇಂಡೀಸ್ 1975–76ರಲ್ಲಿ ಆಸ್ಟ್ರೇಲಿಯಾದಲ್ಲಿ ಲಿಲ್ಲಿ ಮತ್ತು ಥಾಮ್ಸನ್ ಕೈಯಲ್ಲಿ 5–1ರ ಸೋಲುಂಡು, ವೇಗಕ್ಕೆ ವೇಗವೇ ಮದ್ದು ಎಂದು ತೀರ್ಮಾನಿಸಿದ್ದು, ಮರುವರ್ಷವೂ ಕಾಯದೆ ಅದೇ 1976ರಲ್ಲಿ, ಈ ತಂಡವನ್ನು ನೆಲ ಕಚ್ಚಿಸುತ್ತೇನೆಂದು ಕೊಚ್ಚಿಕೊಂಡ ಇಂಗ್ಲೆಂಡ್ ನಾಯಕ ಟೋನಿ ಗ್ರೆಗ್‌ಗೆ ಇಂಗ್ಲೆಂಡಿನಲ್ಲಿ ಉತ್ತರ ಕೊಟ್ಟದ್ದು, ಈ ಕಥೆಯನ್ನು ಅದು ತಂಡದ ಹಲವು ದನಿಗಳಲ್ಲಿ ಹೇಳುತ್ತದೆ. ಲಾಯ್ಡ್, ರಿಚರ್ಡ್ಸ್, ಹೋಲ್ಡಿಂಗ್, ರಾಬರ್ಟ್ಸ್, ಗ್ರೀನಿಜ್ ಒಬ್ಬರ ಮಾತನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ, ಯಾರೊಬ್ಬರೂ ಕಥೆಯನ್ನು ಕಿತ್ತುಕೊಳ್ಳುವುದಿಲ್ಲ. ಈ ಮಟ್ಟಿಗೆ ಪ್ರಶ್ನೆ ಕೇಳಿದವರಿಗೆ ನನ್ನ ಉತ್ತರ ಇದೇ ಚಿತ್ರ.

ಆದರೆ ಕ್ರೀಡಾ ಸಾಕ್ಷ್ಯಚಿತ್ರಗಳ ಮೇಲೆ ನನಗಿರುವ ದೊಡ್ಡ ದೂರಿಗೂ ಇದೇ ಚಿತ್ರ ಉದಾಹರಣೆ: ಅವು ಆಟವನ್ನು ತೋರಿಸುವುದಿಲ್ಲ. ಬೌನ್ಸರ್, ತಲೆ ತಗ್ಗಿಸುವ ಬ್ಯಾಟ್ಸ್‌ಮನ್, ಮತ್ತೊಂದು ಬೌನ್ಸರ್, ಹಿನ್ನೆಲೆಯಲ್ಲಿ ಸಂಗೀತ, ಹೀಗೆಯೇ ಸಾಗುವ ಸಂಕಲನವನ್ನು ನೋಡಿದವರಿಗೆ ಆ ಬೌಲಿಂಗ್ ಎಂದರೆ ಬರೀ ಹೆದರಿಕೆ ಎನಿಸಬೇಕು. 1976ರ ಓವಲ್ ಟೆಸ್ಟನ್ನೇ ತೆಗೆದುಕೊಳ್ಳಿ. ಪಿಚ್ ಸತ್ತಂತಿತ್ತು. ಹೋಲ್ಡಿಂಗ್ 149 ರನ್ನಿಗೆ 14 ವಿಕೆಟ್ ಪಡೆದದ್ದು ಬೌನ್ಸರ್ ಹಾಕಿ ಅಲ್ಲ. ಚೆಂಡನ್ನು ಮುಂದಕ್ಕೆ, ನೇರಕ್ಕೆ, ಗಾಳಿಯಲ್ಲಿ ಅತಿ ವೇಗವಾಗಿ ಒಯ್ದು ಸ್ಟಂಪಿಗೇ ಗುರಿಯಿಟ್ಟರು; ಆ ವಿಕೆಟ್ಟುಗಳಲ್ಲಿ ಹೆಚ್ಚಿನವು ಬೌಲ್ಡ್ ಅಥವಾ ಎಲ್‌ಬಿಡಬ್ಲ್ಯು. ಆಂಡಿ ರಾಬರ್ಟ್ಸ್ ಮೊದಲು ನಿಧಾನದ ಬೌನ್ಸರ್ ಕೊಟ್ಟು, ಬ್ಯಾಟ್ಸ್‌ಮನ್‌ಗೆ ಅದನ್ನು ಹೊಡೆಯುವ ಧೈರ್ಯ ಬಂದ ಮೇಲೆ, ಅದೇ ತೋಳಿನಿಂದ ವೇಗದ ಬೌನ್ಸರ್ ಬಿಡುತ್ತಿದ್ದರು. ಇದು ಲೆಕ್ಕಾಚಾರ, ಹೆಚ್ಚುಕಡಿಮೆ ಚದುರಂಗ. ಈ ಬುದ್ಧಿಗೆ ಒಂದು ಹತ್ತು ನಿಮಿಷ ಕೊಟ್ಟಿದ್ದರೆ ಚಿತ್ರದ ರಾಜಕೀಯವೂ ಇನ್ನಷ್ಟು ಗಟ್ಟಿಯಾಗುತ್ತಿತ್ತು, ಏಕೆಂದರೆ ಆ ಬೌಲರುಗಳನ್ನು ಬರಿಯ ತೋಳ್ಬಲದವರೆಂದು ಬಗೆದವರಿಗೆ ಸರಿಯಾದ ಜವಾಬು ಅದೇ ಆಗಿತ್ತು.

ನಿರ್ದೇಶಕರ ಪರವಾಗಿಯೂ ಒಂದು ಮಾತು ಹೇಳಬೇಕು. ಆಗಿನ ಕ್ರಿಕೆಟ್ ಪ್ರಸಾರದಲ್ಲಿ ಮುಖ್ಯ ಕ್ಯಾಮೆರಾ ಇರುತ್ತಿದ್ದದ್ದು ಒಂದೇ ತುದಿಯಲ್ಲಿ. ಒಂದು ಓವರಿನಲ್ಲಿ ಬ್ಯಾಟ್ಸ್‌ಮನ್‌ನ ಮುಖ ಕಂಡರೆ ಮುಂದಿನ ಓವರಿನಲ್ಲಿ ಅವನ ಬೆನ್ನು ಮಾತ್ರ. ಎರಡೂ ತುದಿಗಳಿಂದ ತೋರಿಸುವ ರೂಢಿ ಗಟ್ಟಿಯಾದದ್ದು 1977ರಲ್ಲಿ ಆರಂಭವಾದ ಆಸ್ಟ್ರೇಲಿಯಾದ ಟಿವಿ ವಾಹಿನಿಯ ಒಡೆಯ ಕೆರ್ರಿ ಪ್ಯಾಕರ್ ನಡೆಸಿದ ಖಾಸಗಿ ಕ್ರಿಕೆಟ್ ಸರಣಿಗಳಿಂದ. ಅಂದರೆ ಆ ದಂತಕಥೆಯ ಮೊದಲ ವರ್ಷಗಳ ಅರ್ಧ ಆಟ ವಿಕೆಟ್‌ಕೀಪರನ ಬೆನ್ನ ಹಿಂದೆ ಅಡಗಿಹೋಗಿದೆ.

ರಿಬೌಂಡ್ ಅವರು ಹೇಳಿದ ಖಾಲಿ ಕುರ್ಚಿ ಇಲ್ಲಿಯೂ ಇದೆ. ಮಾಲ್ಕಮ್ ಮಾರ್ಷಲ್ 1999ರಲ್ಲಿಯೇ ತೀರಿಕೊಂಡರು. 1984ರಲ್ಲಿ ಹೆಡಿಂಗ್ಲಿಯಲ್ಲಿ ಎಡಗೈ ಹೆಬ್ಬೆರಳು ಮುರಿದಿದ್ದರೂ ಒಂಟಿಗೈಯಲ್ಲಿ ಬ್ಯಾಟ್ ಹಿಡಿದು ಬಂದು, ಲ್ಯಾರಿ ಗೋಮ್ಸ್ ಶತಕ ಮುಟ್ಟುವವರೆಗೆ ನಿಂತು, ಆಮೇಲೆ 53 ರನ್ನಿಗೆ 7 ವಿಕೆಟ್ ಕಿತ್ತ ಆ ಮನುಷ್ಯನ ಬಾಯಿಂದ ಈ ಕಥೆ ಕೇಳಿದ್ದರೆ ಅದರ ತೂಕವೇ ಬೇರೆಯಾಗಿರುತ್ತಿತ್ತು.

ಅಡ್ಡಕಂಬ ಉತ್ತರಿಸಿದ್ದು:

ದಂತಕಥೆಯಾಗಲು ಗೆಲ್ಲಲೇಬೇಕೆಂದಿಲ್ಲ. 1991ರಿಂದ 1994ರವರೆಗೆ ಸತತವಾಗಿ ನಾಲ್ಕು ಸೂಪರ್ ಬೌಲ್‌ಗಳಿಗೆ, ಅಂದರೆ ಅಮೆರಿಕನ್ ಫುಟ್‌ಬಾಲ್ ಲೀಗಿನ ಫೈನಲ್‌ಗಳಿಗೆ, ಹೋಗಿ ನಾಲ್ಕನ್ನೂ ಸೋತ ಬಫಲೊ ಬಿಲ್ಸ್ ಕುರಿತ ‘ಫೋರ್ ಫಾಲ್ಸ್ ಆಫ್ ಬಫಲೊ’ ನೋಡಿ. ಮೊದಲ ಸೋಲು 20–19ರದು, ಸ್ಕಾಟ್ ನಾರ್ವುಡ್ ಒದ್ದ 47 ಗಜದ ಚೆಂಡು ಗೋಲುಕಂಬಗಳ ಬಲಕ್ಕೆ ಜಾರಿದ್ದರಿಂದ. ಊರಿಗೆ ಮರಳಿದಾಗ ನೆರೆದ ಜನ ಅವರ ಹೆಸರನ್ನೇ ಕೂಗಿ ಕರೆದರು. ನನಗೆ ಬೇರೆ ಚಿತ್ರದ ಅಗತ್ಯ ಬಿದ್ದಿಲ್ಲ.

ಹನ್ನೆರಡನೆಯವನು ಮರಳಿ ಬರೆದದ್ದು:

ಎಲ್ಲರಿಗೂ ಕೃತಜ್ಞತೆಗಳು. ರಿಬೌಂಡ್ ಅವರೇ, ಸ್ಮಿತ್ ಪ್ರಸಂಗದ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ತನ್ನ ಕ್ರೌರ್ಯವನ್ನು ತಾನೇ ಹೇಳಿಕೊಳ್ಳುವುದೂ ಒಂದು ಬಗೆಯ ಹೆಮ್ಮೆಯೇ. ತನಗಿಂತ ಇನ್ನೊಬ್ಬನ ಆಟ ಚೆನ್ನಾಗಿತ್ತು ಎಂದು ಬಿಟ್ಟುಕೊಡುವುದು ಅದಕ್ಕಿಂತ ಕಷ್ಟ, ಮತ್ತು ಆ 55 ಗೆಲುವುಗಳು ಸರಣಿಯಿಂದ ಕೇಳುತ್ತಿದ್ದದ್ದು ಅದನ್ನೇ. ಮೂರನೇ ಸ್ಲಿಪ್ ಅವರೇ, ಕ್ಯಾಮೆರಾ ಒಂದೇ ತುದಿಯಲ್ಲಿತ್ತು ಎಂಬ ನಿಮ್ಮ ಮಾತು ಇನ್ನೊಂದು ಪ್ರಶ್ನೆಯನ್ನು ಎಬ್ಬಿಸಿದೆ. ತುಣುಕೇ ಇಲ್ಲದ ಪಂದ್ಯವನ್ನು ಸಾಕ್ಷ್ಯಚಿತ್ರ ಹೇಗೆ ಹೇಳಬೇಕು?

ಮೂರನೇ ಸ್ಲಿಪ್ ಉತ್ತರಿಸಿದ್ದು:

ಅದಕ್ಕೆ 1983ರ ಜೂನ್ 18ರ ಟನ್‌ಬ್ರಿಜ್ ವೆಲ್ಸ್ ಪಂದ್ಯವೇ ಪರೀಕ್ಷೆ. ಜಿಂಬಾಬ್ವೆ ವಿರುದ್ಧ ಭಾರತ 17 ರನ್ನಿಗೆ 5 ವಿಕೆಟ್ ಕಳೆದುಕೊಂಡಿದ್ದಾಗ ನಿಂತು ಕಪಿಲ್ ದೇವ್ ಗಳಿಸಿದ ಅಜೇಯ 175ರ ಒಂದು ಹೊಡೆತವನ್ನೂ ನಾವು ನೋಡಲಾರೆವು, ಏಕೆಂದರೆ ಆ ದಿನ ಬಿಬಿಸಿ ಸಿಬ್ಬಂದಿ ಮುಷ್ಕರದಲ್ಲಿದ್ದರು. ಕಂಡವರ ಮಾತು, ಸ್ಕೋರ್ ಪುಸ್ತಕ, ಕೆಲವು ಛಾಯಾಚಿತ್ರ, ಇಷ್ಟೇ ಬಂಡವಾಳ. ನನ್ನ ದೃಷ್ಟಿಯಲ್ಲಿ ಇದು ನಷ್ಟವಲ್ಲ. ಅಲ್ಲಿ ತುಣುಕುಗಳ ಒಡೆಯರೂ ಇಲ್ಲ, ಅನುಮತಿಯ ಗೋಜೂ ಇಲ್ಲ; ಎದುರು ತುದಿಯಲ್ಲಿ ನಿಂತು ಜೊತೆಗೊಟ್ಟ ಬಿನ್ನಿ, ಮದನ್ ಲಾಲ್, ಕಿರ್ಮಾನಿ ಅವರ ನೆನಪುಗಳನ್ನು ಅವಲಂಬಿಸದೆ ಗತ್ಯಂತರವಿಲ್ಲ. ಆಟವಾಡಿದವನ ಮಾತಿಗಿಂತ ಎದುರು ತುದಿಯಲ್ಲಿದ್ದವರ ಮಾತಿಗೆ ಬೆಲೆ ಬರುವ ಅಪರೂಪದ ಕಥೆ ಅದು.

ಇನ್ನೊಂದು ವಿಷಯ. ಆ ವಿಶ್ವಕಪ್ಪಿನ ಕಥನಗಳೆಲ್ಲ ಲಾರ್ಡ್ಸ್ ಮೈದಾನದ ಬಾಲ್ಕನಿಯಲ್ಲಿ, ಕೈಯಲ್ಲಿ ಕಪ್ ಹಿಡಿದಲ್ಲಿಗೆ ನಿಂತುಬಿಡುತ್ತವೆ. ಅದೇ ವರ್ಷದ ಕೊನೆಯಲ್ಲಿ ಅದೇ ವೆಸ್ಟ್ ಇಂಡೀಸ್ ತಂಡ ಭಾರತಕ್ಕೆ ಬಂದು ಏಕದಿನ ಪಂದ್ಯಗಳನ್ನು 5–0, ಟೆಸ್ಟ್ ಸರಣಿಯನ್ನು 3–0 ಅಂತರದಲ್ಲಿ ಗೆದ್ದುಕೊಂಡು ಹೋಯಿತು. ನಾನು ಚಿತ್ರ ಮಾಡುವುದಾದರೆ ಅಲ್ಲಿಂದಲೇ ಆರಂಭಿಸುತ್ತೇನೆ.

ನೀಲಿಗೆರೆ ಉತ್ತರಿಸಿದ್ದು:

ಹನ್ನೆರಡನೆಯವರು ನಾನು ಹೇಳಿದ ಎರಡು ಚಿತ್ರಗಳನ್ನು ನೋಡುವುದಾದರೆ ‘ಆಫ್ ಮಿರಾಕಲ್ಸ್ ಅಂಡ್ ಮೆನ್’ ಅನ್ನು ಮೊದಲು ನೋಡಲಿ. ಸೋಲು ಯಾರಿಗೆ ಎಷ್ಟು ತಗುಲಿತ್ತು ಎಂಬುದು ತಿಳಿದಿದ್ದರೆ, ‘ರೆಡ್ ಆರ್ಮಿ’ಯಲ್ಲಿ ಆ ಐವರು ಒಬ್ಬರಿಗೊಬ್ಬರು ಪಕ್ ದಾಟಿಸುವ ದೃಶ್ಯಗಳು ಬೇರೆಯೇ ರೀತಿಯಲ್ಲಿ ಕಾಣಿಸುತ್ತವೆ. ಅವುಗಳನ್ನು ಧ್ವನಿ ನಿಲ್ಲಿಸಿ, ಗೋಲು ಹೊಡೆದವನು ಯಾರೆಂದು ಗಮನಿಸದೆ ನೋಡಿ.